ಎಲ್ಲ ಬಲ್ಲ ನಿರೂಪಕ: ಓದುವಾಗ ಗುರುತಿಸುವುದು ಹೇಗೆ, ಬರೆಯುವಾಗ ಬಳಸುವುದು ಹೇಗೆ

ಕತೆ ಬರೆಯಲು ಶುರು ಮಾಡಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. 'ಒಂದೇ ಕತೆಯಲ್ಲಿ ಎಲ್ಲರ ಮನಸ್ಸಿನೊಳಗೂ ಹೋಗಬಹುದಾ? ಅದು ತಪ್ಪಲ್ವಾ?' ಓದುಗರು ಇದನ್ನೇ ಬೇರೆ ರೀತಿ ಕೇಳುತ್ತಾರೆ. 'ಈ ಕಾದಂಬರಿಯಲ್ಲಿ ಮಾತಾಡ್ತಿರೋರು ಯಾರು? ಅವರಿಗೆ ಇದೆಲ್ಲ ಹೇಗೆ ಗೊತ್ತಾಯ್ತು?'

ಹೋಗಬಹುದು, ತಪ್ಪಲ್ಲ. ಆದರೆ ಎಲ್ಲರ ಮನಸ್ಸಿಗೂ ಹೋಗಿಬರುವವರು ಯಾರು ಅನ್ನುವುದು ಮೊದಲು ನಿಮಗೆ ಗೊತ್ತಿರಬೇಕು. ಆ 'ಯಾರು' ಸರಿಯಾಗಿ ಕೂತರೆ ಕತೆ ಹತ್ತು ಮನಸ್ಸುಗಳೊಳಗೆ ಓಡಾಡಿದರೂ ಓದುಗರಿಗೆ ಗೊಂದಲವಾಗುವುದಿಲ್ಲ. ಅದು ಕೂರದಿದ್ದರೆ ಎರಡೇ ಪಾತ್ರಗಳಿದ್ದರೂ ತಲೆ ತಿರುಗುತ್ತದೆ. ಈ ಲೇಖನ ಪೂರ್ತಿ ಆ 'ಯಾರು' ಬಗ್ಗೆಯೇ.

ಮೊದಲು ಕೆಲವು ಪದಗಳು

ನಿರೂಪಕ ಎಂದರೆ ಕತೆ ಹೇಳುವ ದನಿ. ಲೇಖಕರು ಬೇರೆ, ನಿರೂಪಕ ಬೇರೆ. ಲೇಖಕರಿಗೆ ಮನೆ, ಕೆಲಸ, ಹಲ್ಲುನೋವು ಎಲ್ಲ ಇರುತ್ತದೆ. ನಿರೂಪಕ ಇರುವುದು ಆ ಪುಸ್ತಕದ ಪುಟಗಳಲ್ಲಿ ಮಾತ್ರ.

ಮುಂದಿನದು 'ಪುರುಷ'. ಇಲ್ಲಿ ಬಹಳ ಜನ ಎಡವುತ್ತಾರೆ. ಕನ್ನಡ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು, ಅವಳು, ಅದು' ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ಎಣಿಕೆ ಉಲ್ಟಾ. ಅಲ್ಲಿ 'ನಾನು' ಫಸ್ಟ್ ಪರ್ಸನ್, 'ಅವನು' ಥರ್ಡ್ ಪರ್ಸನ್. ಹಾಗಾಗಿ ಫಸ್ಟ್ ಪರ್ಸನ್ ಅನ್ನು ಯಾರಾದರೂ ಅವಸರದಲ್ಲಿ 'ಪ್ರಥಮ ಪುರುಷ' ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಇಂಥ ಲೇಖನ ಓದುವಾಗ ಬರೆದವರು ಯಾವ ಎಣಿಕೆ ಹಿಡಿದಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ. ನಾನು ಇಲ್ಲಿ ಸುಮ್ನೆ 'ನಾನು-ಕತೆ' ಮತ್ತು 'ಅವನು-ಅವಳು ಕತೆ' ಎಂದೇ ಹೇಳುತ್ತೇನೆ.

ಸರ್ವಜ್ಞ ನಿರೂಪಣೆ ಎಂದರೆ, ಅವನು-ಅವಳು ಕತೆಯಲ್ಲಿ ಎಲ್ಲ ಬಲ್ಲ ಒಬ್ಬ ನಿರೂಪಕ ಹೇಳುವ ಬಗೆ. ಎಲ್ಲರ ಮನಸ್ಸು, ಎಲ್ಲ ಜಾಗ, ಹಿಂದಿನದು, ಮುಂದಿನದು, ಎಲ್ಲವೂ ಈ ನಿರೂಪಕನಿಗೆ ಗೊತ್ತು. ಸೀಮಿತ ನಿರೂಪಣೆಯೂ ಅವನು-ಅವಳು ಕತೆಯೇ. ಆದರೆ ಅಲ್ಲಿ ನಿರೂಪಕ ಒಂದು ಪಾತ್ರದ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಆ ಪಾತ್ರಕ್ಕೆ ಗೊತ್ತಿಲ್ಲದ್ದು ಪುಟಕ್ಕೆ ಬರುವುದಿಲ್ಲ.

ಏನೇನು ಬೇಕು

ನೀವು ಈಗಾಗಲೇ ಓದಿ ಮೆಚ್ಚಿದ, ನಾಲ್ಕಾರು ಪಾತ್ರಗಳಿರುವ ಒಂದು ಕಾದಂಬರಿ. ನೀವೇ ಬರೆದ, ಕನಿಷ್ಠ ಇಬ್ಬರಿರುವ ಒಂದು ದೃಶ್ಯ. ಇನ್ನೂ ಬರೆದಿಲ್ಲವಾದರೆ ಒಂದು ಪುಟ ಬರೆದುಕೊಳ್ಳಿ, ಚೆನ್ನಾಗಿರಲೇಬೇಕೆಂದಿಲ್ಲ. ಜೊತೆಗೆ ಮೂರು ಬಣ್ಣದ ಪೆನ್ಸಿಲ್.

1. ಒಂದೇ ಘಟನೆಯನ್ನು ನಾಲ್ಕು ಬಗೆಯಲ್ಲಿ ನೋಡಿ

ವಿವರಣೆಗಿಂತ ಉದಾಹರಣೆ ಬೇಗ ಕೆಲಸ ಮಾಡುತ್ತದೆ. ರಾಜೀವ ಮತ್ತು ಸುಧಾ ಅಣ್ಣ ತಂಗಿ. ಆರು ವರ್ಷದ ಮೇಲೆ ಅಣ್ಣ ಮನೆಗೆ ಬಂದಿದ್ದಾನೆ.

ನಾನು-ಕತೆ: 'ಬಾಗಿಲು ತೆರೆದೆ. ಅಣ್ಣ ನಿಂತಿದ್ದ. ಕೈಯಲ್ಲಿ ಒಂದು ಸಣ್ಣ ಚೀಲ. ಯಾಕೆ ಬಂದೆ ಎಂದು ಕೇಳಲು ಬಾಯಿ ಬರಲಿಲ್ಲ.'

ಸೀಮಿತ: 'ಸುಧಾ ಬಾಗಿಲು ತೆರೆದಳು. ಅಣ್ಣ ನಿಂತಿದ್ದ. ಕೈಯಲ್ಲಿ ಒಂದು ಸಣ್ಣ ಚೀಲ. ಯಾಕೆ ಬಂದೆ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.'

ಹೊರಗಿನಿಂದ: 'ಬಾಗಿಲು ತೆರೆಯಿತು. ಹೊರಗೆ ನಿಂತವನ ಕೈಯಲ್ಲಿ ಸಣ್ಣ ಚೀಲವಿತ್ತು. "ಬಾ" ಎಂದಳು ಸುಧಾ. ಅವನು ಚಪ್ಪಲಿ ಬಿಟ್ಟ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.'

ಸರ್ವಜ್ಞ: 'ಸುಧಾ ಬಾಗಿಲು ತೆರೆಯುವಷ್ಟರಲ್ಲಿ ರಾಜೀವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಮರೆತಿದ್ದ. ಅವಳು ಅವನ ಚೀಲ ನೋಡಿ, ಒಂದೇ ರಾತ್ರಿಗೆ ಬಂದಿದ್ದಾನೆ ಎಂದು ಲೆಕ್ಕ ಹಾಕಿದಳು. ಚೀಲ ಸಣ್ಣದಾಗಿದ್ದುದಕ್ಕೆ ಕಾರಣ ಬೇರೆ. ಅವನ ಹತ್ತಿರ ಉಳಿದಿದ್ದೇ ಅಷ್ಟು. ಈ ಮನೆ ತನಗೆ ಬೇಕು ಎಂದು ಜಗಳವಾಡಲು ಇಬ್ಬರೂ ತಯಾರಾಗಿದ್ದರು. ಅವರ ತಲೆಯ ಮೇಲಿನ ತೊಲೆಯನ್ನು ಗೆದ್ದಲು ಎರಡು ಮಳೆಗಾಲದಿಂದ ತಿನ್ನುತ್ತಿತ್ತು.'

ಮೊದಲ ಎರಡನ್ನು ಹೋಲಿಸಿ ನೋಡಿ. ಕ್ರಿಯಾಪದದ ಕೊನೆ ಬದಲಾಗಿದೆ, 'ಸುಧಾ' ಮತ್ತು 'ಅವಳಿಗೆ' ಸೇರಿವೆ, ಅಷ್ಟೇ. ನಮಗೆ ಸಿಗುವ ತಿಳುವಳಿಕೆ ಎರಡರಲ್ಲೂ ಒಂದೇ. ಅಂದರೆ 'ಅವಳು' ಎಂದು ಬರೆದ ಮಾತ್ರಕ್ಕೆ ಕತೆ ಸರ್ವಜ್ಞವಾಗುವುದಿಲ್ಲ. ಈ ತಪ್ಪು ತಿಳುವಳಿಕೆ ತುಂಬಾ ಸಾಮಾನ್ಯ.

ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು. 'ಯಾರು ಮಾತಾಡುತ್ತಿದ್ದಾರೆ' ಮತ್ತು 'ಯಾರು ನೋಡುತ್ತಿದ್ದಾರೆ' ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ ಎಂದರು. ಎರಡನೇ ತುಣುಕಿನಲ್ಲಿ ಮಾತಾಡುವವನು ನಿರೂಪಕ, ನೋಡುವವಳು ಸುಧಾ. ನಾಲ್ಕನೆಯದರಲ್ಲಿ ಮಾತಾಡುವವನೂ ನೋಡುವವನೂ ನಿರೂಪಕನೇ. ಬೇಕೆಂದಾಗ ಮಾತ್ರ ಅವನು ಪಾತ್ರಗಳ ಕಣ್ಣು ಸಾಲ ಪಡೆಯುತ್ತಾನೆ.

2. ಗೆದ್ದಲನ್ನು ಹುಡುಕಿ

ನಾಲ್ಕನೇ ತುಣುಕಿನ ಕೊನೆಯ ವಾಕ್ಯಕ್ಕೆ ವಾಪಸ್ ಹೋಗಿ. ತೊಲೆಯೊಳಗೆ ಗೆದ್ದಲು ಇರುವುದು ರಾಜೀವನಿಗೆ ಗೊತ್ತಿಲ್ಲ, ಸುಧಾಗೂ ಗೊತ್ತಿಲ್ಲ. ಹಾಗಾದರೆ ಅದನ್ನು ನಮಗೆ ಹೇಳಿದವರು ಯಾರು? ನಿರೂಪಕನೇ. ಬೇರೆ ಯಾರೂ ಅಲ್ಲಿಲ್ಲ.

ಓದುವಾಗ ಬಳಸಲು ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ನನಗೆ ಗೊತ್ತಿಲ್ಲ. ಯಾವ ಪಾತ್ರಕ್ಕೂ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿ ಪುಟದ ಮೇಲಿದೆಯಾ? ಇದ್ದರೆ ಅದು ಸರ್ವಜ್ಞ ನಿರೂಪಣೆ. ಇಬ್ಬರ ಮನಸ್ಸು ಕಂಡಿತು ಅನ್ನುವುದಷ್ಟೇ ಸಾಕಾಗುವುದಿಲ್ಲ. ಎಷ್ಟೋ ಕಾದಂಬರಿಗಳು ಒಂದು ಅಧ್ಯಾಯ ಅವಳ ಕಡೆಯಿಂದ, ಇನ್ನೊಂದು ಅವನ ಕಡೆಯಿಂದ ಎಂದು ಹೇಳುತ್ತವೆ. ಅವು ಸರದಿಯ ಮೇಲೆ ಬರುವ ಸೀಮಿತ ನಿರೂಪಣೆಗಳು. ಅಲ್ಲಿ ಗೆದ್ದಲಿಗೆ ಜಾಗ ಇರುವುದಿಲ್ಲ.

ಇಂಥ ಸಂಗತಿಗಳು ಸಾಮಾನ್ಯವಾಗಿ ನಾಲ್ಕು ದಿಕ್ಕಿನಿಂದ ಬರುತ್ತವೆ. ಒಂದು, ಪಾತ್ರಗಳು ಇಲ್ಲದ ಜಾಗದಲ್ಲಿ ಆಗುತ್ತಿರುವುದು. ಎರಡು, ಮುಂದೆ ಆಗಲಿರುವುದು: 'ಇಬ್ಬರೂ ಒಟ್ಟಿಗೆ ಕೂತು ಉಂಡದ್ದು ಅದೇ ಕೊನೆ.' ಮೂರು, ಪಾತ್ರಕ್ಕೇ ತನ್ನ ಬಗ್ಗೆ ಗೊತ್ತಿಲ್ಲದ್ದು: 'ತಾನು ಕ್ಷಮಿಸಿದ್ದೇನೆ ಎಂದು ಸುಧಾ ನಂಬಿದ್ದಳು. ಕ್ಷಮಿಸಿರಲಿಲ್ಲ.' ಈ ಮೂರನೆಯದು ನನಗೆ ತುಂಬಾ ಇಷ್ಟ, ಯಾಕೆಂದರೆ ಆ ಹೊತ್ತಿನಲ್ಲೇ ನಿಂತು ಹೇಳುವ ನಾನು-ಕತೆಯಲ್ಲಿ ಇದನ್ನು ನೇರವಾಗಿ ಹೇಳಲು ಆಗುವುದೇ ಇಲ್ಲ. ನಾಲ್ಕು, ಮನುಷ್ಯರಲ್ಲದವರ ಒಳಗು. ಟಾಲ್‌ಸ್ಟಾಯ್ ಅವರ 'ಅನ್ನಾ ಕರೆನಿನಾ' ಕಾದಂಬರಿಯ ಬೇಟೆಯ ಭಾಗದಲ್ಲಿ ನಿರೂಪಕ ಲಾಸ್ಕಾ ಎಂಬ ನಾಯಿಯ ಮನಸ್ಸಿನೊಳಗೂ ಹೋಗುತ್ತಾನೆ. ವಾಸನೆ ಎಲ್ಲಿಂದ ಬರುತ್ತಿದೆ ಎಂದು ನಾಯಿಗೆ ಗೊತ್ತು. ಯಜಮಾನ ತೋರಿಸುತ್ತಿರುವುದು ಬೇರೆ ಕಡೆ. ಈ ತಿಕ್ಕಾಟವನ್ನು ಸರ್ವಜ್ಞ ನಿರೂಪಕ ಎಷ್ಟು ಸಲೀಸಾಗಿ ತೋರಿಸಬಲ್ಲ, ನೋಡಿ.

ಈಗ ನಿಮ್ಮ ಕಾದಂಬರಿಯ ಮೊದಲ ಹತ್ತು ಪುಟ ತೆಗೆದು ಗೆದ್ದಲನ್ನು ಹುಡುಕಿ. ಸಿಕ್ಕ ವಾಕ್ಯಕ್ಕೆ ಒಂದು ಬಣ್ಣ ಹಾಕಿ.

3. ನಿರೂಪಕನಿಗೆ ಒಂದು ಸ್ವಭಾವ ಕೊಡಿ

ಇನ್ನು ಬರೆಯುವವರ ಕಡೆ ಬರೋಣ. ಬರೆಯುವ ಮುಂಚೆ ಒಂದು ಹಾಳೆಯ ಮೇಲೆ ಐದಾರು ವಾಕ್ಯಗಳಲ್ಲಿ ನಿಮ್ಮ ನಿರೂಪಕನ ಬಗ್ಗೆ ಬರೆದುಕೊಳ್ಳಿ. ಈ ದನಿ ಪಾತ್ರಗಳನ್ನು ಪ್ರೀತಿಸುತ್ತದಾ, ಅಥವಾ ದೂರ ನಿಂತು ನೋಡುತ್ತದಾ? ತನ್ನ ಅಭಿಪ್ರಾಯ ಬಾಯಿಬಿಟ್ಟು ಹೇಳುತ್ತದಾ? ಓದುಗರನ್ನು 'ನೀವು' ಎಂದು ಮಾತಾಡಿಸುತ್ತದಾ? ಉದ್ದ ವಾಕ್ಯವಾ, ತುಂಡು ವಾಕ್ಯವಾ?

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಸರ್ವಜ್ಞ ನಿರೂಪಣೆ ಕೆಟ್ಟಾಗ ಜನ ಅದನ್ನು 'ಜಾಸ್ತಿ ಪಾತ್ರಗಳ ಒಳಗೆ ಹೋದರು' ಎಂದು ದೂರುತ್ತಾರೆ. ಹೆಚ್ಚಿನ ಸಲ ನಿಜವಾದ ಕೊರತೆ ಬೇರೆ. ಅಲ್ಲಿ ನಿರೂಪಕನೇ ಇರುವುದಿಲ್ಲ. ಸುಧಾಳ ಯೋಚನೆ ಸುಧಾಳ ಧಾಟಿಯಲ್ಲಿ, ರಾಜೀವನ ಯೋಚನೆ ರಾಜೀವನ ಧಾಟಿಯಲ್ಲಿ ಬರುತ್ತದೆ. ನಡುವೆ ಇಬ್ಬರನ್ನೂ ಹಿಡಿದಿಡುವ ಮೂರನೇ ದನಿ ಇಲ್ಲ. ಓದುಗರು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಬೀಳುತ್ತಾರೆ.

ಅಭಿಪ್ರಾಯ ಹೇಳುವ ನಿರೂಪಕ ಹಳೆಯ ಕಾಲದವನು, ಈಗ ಸಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಾತಾಡುವ ನಿರೂಪಕ, ಮೌನವಾಗಿರುವ ನಿರೂಪಕ ಇಬ್ಬರೂ ಸರಿ. ಮೊದಲ ಪುಟದಲ್ಲಿ ಮೌನವಾಗಿದ್ದವನು ನಲವತ್ತನೇ ಪುಟದಲ್ಲಿ ಇದ್ದಕ್ಕಿದ್ದಂತೆ ಉಪದೇಶಕ್ಕಿಳಿದರೆ ಮಾತ್ರ ಕಷ್ಟ.

4. ಮೊದಲ ಪುಟದಲ್ಲೇ ಸುಳಿವು ಕೊಡಿ

ಸಣ್ಣ ಹಂತ, ಆದರೆ ಬಿಡಬೇಡಿ. ಅರವತ್ತು ಪುಟ ಸುಧಾಳ ಜೊತೆಗೇ ಇದ್ದು, ಅರವತ್ತೊಂದನೇ ಪುಟದಲ್ಲಿ ರಾಜೀವನ ಮನಸ್ಸಿಗೆ ನುಗ್ಗಿದರೆ ಓದುಗರಿಗೆ ಮೋಸ ಹೋದಂತೆ ಆಗುತ್ತದೆ. ಎಲ್ಲ ಬಲ್ಲ ನಿರೂಪಕ ಇದ್ದಾನೆ ಎಂದು ಮೊದಲ ಒಂದೆರಡು ಪುಟದಲ್ಲೇ ಗೊತ್ತಾಗಬೇಕು. ಒಂದು ಗೆದ್ದಲಿನ ವಾಕ್ಯ ಸಾಕು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಅದು ಕತೆ ಶುರುವಾಗುವ ಮೊದಲೇ ಓದುಗರಿಗೆ ಹೇಳಿಬಿಡುತ್ತದೆ. ಆಮೇಲೆ ನಿರೂಪಣೆ ಯಾರ ಹಿಂದೆ ಹೋದರೂ ನಾವು ಸಿದ್ಧರಾಗಿರುತ್ತೇವೆ. ನೀವು ಅಷ್ಟು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಪ್ಪಂದ ಬೇಗ ಆಗಬೇಕು.

5. ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಸೇತುವೆ ಕಟ್ಟಿ

ಹೊಸಬರು ಹೆಚ್ಚು ಕಷ್ಟಪಡುವುದು ಇಲ್ಲಿ. ಈ ತುಣುಕು ಓದಿ:

'ಸುಧಾಗೆ ಸಿಟ್ಟು ಬಂತು. ಇವಳಿಗೆ ಸಿಟ್ಟು ಬಂದಿದೆ ಎಂದು ರಾಜೀವನಿಗೆ ಅನಿಸಿತು. ಅವನು ತನ್ನನ್ನು ಗಮನಿಸುತ್ತಿದ್ದಾನೆ ಎಂದು ಅವಳಿಗೆ ಬೇಸರವಾಯಿತು. ಅವನಿಗೂ ಬೇಸರವಾಯಿತು.'

ನಾಲ್ಕು ವಾಕ್ಯ, ಮೂರು ಜಿಗಿತ. ಪ್ರತಿಯೊಂದನ್ನೂ ಒಂದೊಂದಾಗಿ ನೋಡಿದರೆ ತಪ್ಪೇನಿಲ್ಲ. ಆದರೆ ಓದುಗರಿಗೆ ಎಲ್ಲೂ ನಿಲ್ಲಲು ಜಾಗ ಸಿಗುವುದಿಲ್ಲ. ಇದಕ್ಕೆ ತಲೆಜಿಗಿತ ಅನ್ನೋಣ. ಇದನ್ನೇ ಹೀಗೆ ಬರೆಯಬಹುದು:

'ಸುಧಾ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅಷ್ಟು ಜೋರಾಗಿ ಇಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಲೋಟದ ನೀರು ಅಲುಗಾಡಿ ನಿಂತಿತು. ಆ ನೀರು ನಿಲ್ಲುವುದನ್ನೇ ನೋಡುತ್ತಾ ರಾಜೀವ, ಇನ್ನೂ ಅದೇ ಕೋಪ, ಹತ್ತು ವರ್ಷದ ಹುಡುಗಿಯ ಕೋಪ ಎಂದುಕೊಂಡ.'

ಇಲ್ಲಿ ಲೋಟ ಸೇತುವೆ. ಸುಧಾಳ ಮನಸ್ಸಿನಿಂದ ಹೊರಗೆ ಬಂದು, ಇಬ್ಬರೂ ನೋಡಬಹುದಾದ ಒಂದು ವಸ್ತುವಿನ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ರಾಜೀವನ ಒಳಗೆ ಹೋದೆವು. ವಸ್ತುವಿನ ಬದಲು ಸದ್ದು ಇರಬಹುದು, ಮಳೆ ಇರಬಹುದು, ಒಂದು ಮಾತು ಇರಬಹುದು.

ಇನ್ನೊಂದು ದಾರಿ ಎತ್ತರಕ್ಕೆ ಹೋಗಿ ಇಳಿಯುವುದು. 'ಆ ಮನೆಯಲ್ಲಿ ಜಗಳಗಳು ಯಾವತ್ತೂ ಮೌನದಿಂದಲೇ ಶುರುವಾಗುತ್ತಿದ್ದವು' ಎಂದು ನಿರೂಪಕ ಇಬ್ಬರಿಗೂ ಸೇರಿದ ಒಂದು ಮಾತು ಹೇಳುತ್ತಾನೆ. ಅಲ್ಲಿಂದ ಯಾರ ಮನಸ್ಸಿಗೆ ಬೇಕಾದರೂ ಇಳಿಯಬಹುದು.

ಮೂರನೆಯದು ನೇರವಾಗಿ ತಿರುಗುವುದು. ಜಾರ್ಜ್ ಎಲಿಯಟ್ ಅವರ 'ಮಿಡಲ್‌ಮಾರ್ಚ್' (1871-72) ಕಾದಂಬರಿಯ 29ನೇ ಅಧ್ಯಾಯ ನಾಯಕಿ ಡೊರೊಥಿಯಾಳ ಬಗ್ಗೆ ಹೇಳುತ್ತಾ ಶುರುವಾಗುತ್ತದೆ. ಮೊದಲ ವಾಕ್ಯ ಮುಗಿಯುವ ಮೊದಲೇ ನಿರೂಪಣೆ ತನ್ನನ್ನೇ ತಡೆದು, ಯಾವಾಗಲೂ ಅವಳೇ ಯಾಕೆ ಎಂದು ಕೇಳುತ್ತದೆ. ಆಮೇಲೆ ಅಲ್ಲಿಯವರೆಗೆ ಓದುಗರಿಗೆ ಅಷ್ಟಾಗಿ ಇಷ್ಟವಾಗಿರದ ಅವಳ ಗಂಡನ ಒಳಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಸೇತುವೆ ಕಟ್ಟುವುದೇ ಅಲ್ಲಿ ಕತೆಯ ಒಂದು ಘಟನೆ. ಓದುಗರ ಪಕ್ಷಪಾತವನ್ನು ನಿರೂಪಕ ನೇರವಾಗಿ ಪ್ರಶ್ನಿಸುತ್ತಾನೆ. ಇಂಥ ಧೈರ್ಯಕ್ಕೆ ಮೂರನೇ ಹಂತದಲ್ಲಿ ಹೇಳಿದ ಸ್ವಭಾವ ಬೇಕೇ ಬೇಕು.

ಎಚ್ಚರಿಕೆ: ಒಂದೇ ವಾಕ್ಯದೊಳಗೆ ಇಬ್ಬರ ಒಳಗನ್ನು ಇಡುವುದು ಕೈ ಪಳಗಿದ ಮೇಲೆ. ಮೊದಲು ಒಂದು ಪ್ಯಾರಾಕ್ಕೆ ಒಬ್ಬರು ಎಂದು ಇಟ್ಟುಕೊಳ್ಳಿ.

6. ಕನ್ನಡ ನಿಮ್ಮನ್ನು ಬಿಟ್ಟುಕೊಡುವ ಜಾಗಗಳು

ಈ ಹಂತವನ್ನು ನಿಧಾನವಾಗಿ ಓದಿ. ಇಂಗ್ಲಿಷಿನಲ್ಲಿ ಬಂದ ಪಾಠಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಒಂದು ಪದ, ಒಂದು ಪ್ರತ್ಯಯ ಸಾಕು, ಯಾರ ಕಣ್ಣಿಂದ ನೋಡುತ್ತಿದ್ದೇವೆ ಎಂದು ಹೇಳಿಬಿಡುತ್ತದೆ.

ಸಂಬಂಧದ ಹೆಸರು. ಮೊದಲ ಹಂತದ ತುಣುಕುಗಳಿಗೆ ವಾಪಸ್ ಹೋಗಿ. ಸೀಮಿತ ತುಣುಕಿನಲ್ಲಿ 'ಅಣ್ಣ ನಿಂತಿದ್ದ' ಎಂದಿದೆ. ಸರ್ವಜ್ಞ ತುಣುಕಿನಲ್ಲಿ 'ರಾಜೀವ'. ಅವನು ಸುಧಾಗೆ ಅಣ್ಣ, ನಿರೂಪಕನಿಗೆ ಅಣ್ಣನಲ್ಲ. ನಿರೂಪಕನ ವಾಕ್ಯದಲ್ಲಿ 'ಅಣ್ಣ' ಎಂದು ಬರೆದ ತಕ್ಷಣ ನಾವು ಸುಧಾಳ ಪಕ್ಕಕ್ಕೆ ಹೋಗಿ ನಿಲ್ಲುತ್ತೇವೆ. ಬೇಕೆಂದೇ ಹಾಗೆ ಮಾಡಿದರೆ ಚೆಂದ, ಗೊತ್ತಿಲ್ಲದೆ ಆದರೆ ಗೊಂದಲ.

ಮರ್ಯಾದೆ. ಇವರ ತಂದೆ ವಾಸುದೇವ ಎಂದಿಟ್ಟುಕೊಳ್ಳಿ. 'ವಾಸುದೇವ ಕಟ್ಟಿಸಿದ ಮನೆ' ಅಂದರೆ ನಿರೂಪಕ ಎಲ್ಲರಿಗೂ ಸಮನಾದ ದೂರದಲ್ಲಿದ್ದಾನೆ. 'ವಾಸುದೇವರಾಯರು ಕಟ್ಟಿಸಿದ ಮನೆ' ಅಂದರೆ ನಿರೂಪಕನಿಗೆ ಅವರ ಮೇಲೆ ಗೌರವ ಇದೆ, ಇಲ್ಲವೇ ನೆರೆಹೊರೆಯವರ ಬಾಯಲ್ಲಿ ಮಾತಾಡುತ್ತಿದ್ದಾನೆ. 'ಅಪ್ಪ ಕಟ್ಟಿಸಿದ ಮನೆ' ಅಂದರೆ ಮಕ್ಕಳ ಮನಸ್ಸು. ಒಂದೇ ಪುಟದಲ್ಲಿ 'ವಾಸುದೇವ ಬಂದ', 'ವಾಸುದೇವರಾಯರು ಕೂತರು' ಎಂದು ಎರಡೂ ಬಂದರೆ ನಿರೂಪಕ ಇಬ್ಬರಾದಂತೆ ಕೇಳಿಸುತ್ತದೆ. ಪ್ರತಿ ಪಾತ್ರಕ್ಕೂ ನಿರೂಪಕ ಏಕವಚನ ಬಳಸುತ್ತಾನೋ ಬಹುವಚನವೋ, 'ಅವಳು' ಅನ್ನುತ್ತಾನೋ 'ಆಕೆ' ಅನ್ನುತ್ತಾನೋ, ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಶ್ರೀಮಂತ ಮುದುಕರಿಗೆ 'ಅವರು', ಮನೆಗೆಲಸದ ಮುದುಕಿಗೆ 'ಅವಳು' ಎಂದು ನಿಮಗೇ ಗೊತ್ತಿಲ್ಲದೆ ಬರೆದಿದ್ದರೆ ಆ ಪಟ್ಟಿ ಅದನ್ನೂ ತೋರಿಸುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಿ.

ಬಂದ, ಹೋದ. 'ರಾಜೀವ ಒಳಗೆ ಬಂದ' ಎಂದರೆ ನಾವು ಮನೆಯೊಳಗೆ ಇದ್ದೇವೆ. 'ಒಳಗೆ ಹೋದ' ಎಂದರೆ ಹೊರಗೆ ನಿಂತಿದ್ದೇವೆ. 'ನಾಳೆ' ಮತ್ತು 'ಮರುದಿನ', 'ಇಲ್ಲಿ' ಮತ್ತು 'ಅಲ್ಲಿ' ಕೂಡ ಹೀಗೆಯೇ.

ತಾನು. ಇದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ. 'ಅವನು ಸೋತ ಎಂದು ರಾಜೀವ ಒಪ್ಪಿಕೊಂಡ' ಎಂದರೆ ಸೋತವನು ಬೇರೆ ಯಾರೋ ಅನಿಸುತ್ತದೆ. 'ತಾನು ಸೋತೆ ಎಂದು ರಾಜೀವ ಒಪ್ಪಿಕೊಂಡ' ಎಂದರೆ ಅನುಮಾನವೇ ಇಲ್ಲ. ಒಂದೇ ದೃಶ್ಯದಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಇದ್ದಾಗ, ಯಾರ ಯೋಚನೆ ಎಂದು ಹೇಳಲು 'ತಾನು' ಬಳಸಿ. ಅದೂ ಸಾಲದಿದ್ದರೆ ಹೆಸರನ್ನೇ ಮತ್ತೆ ಬರೆಯಿರಿ. ಹೆಸರು ಮತ್ತೆ ಬಂದರೆ ಓದುಗರಿಗೆ ಬೇಸರವಾಗುವುದಿಲ್ಲ. 'ಅವನು' ಯಾರು ಎಂದು ಹಿಂದೆ ಹೋಗಿ ಹುಡುಕಬೇಕಾದರೆ ಆಗುತ್ತದೆ.

ಅಂತೆ. 'ರಾಜೀವ ಎಲ್ಲ ಕಳೆದುಕೊಂಡಿದ್ದನಂತೆ.' ಈ ಒಂದು 'ಅಂತೆ' ನಿರೂಪಕನನ್ನು ಕೇಳಿ ತಿಳಿದವನನ್ನಾಗಿ ಮಾಡುತ್ತದೆ. ಕೇಳಿ ತಿಳಿದವನು ಸರ್ವಜ್ಞ ಹೇಗಾಗುತ್ತಾನೆ? 'ಇರಬೇಕು', 'ಬಹುಶಃ', 'ಬೇಸರವಾದಂತೆ ಕಂಡಿತು' ಕೂಡ ಇದೇ ಜಾತಿ. ಎಲ್ಲ ಬಲ್ಲವನು ಊಹೆ ಮಾಡುವುದಿಲ್ಲ. 'ರಾಜೀವನಿಗೆ ಬೇಸರವಾಯಿತು' ಎಂದು ನೇರವಾಗಿ ಹೇಳುವ ಹಕ್ಕು ಅವನಿಗಿದೆ. ಆದರೆ ಒಂದು ಮಾತು. 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ' ಎಂದು ಶುರುವಾಗುವ ಕತೆಗಳಲ್ಲಿ 'ಅಂತೆ' ಇದ್ದೂ ರಾಜನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವವರಿಗೆ ಪಕ್ಕಾ ಗೊತ್ತಿರುತ್ತದೆ. ಆ ಧಾಟಿ ಬೇಕಾದರೆ ಖಂಡಿತ ಬಳಸಿ, ಕೊನೆಯವರೆಗೂ ಹಿಡಿದಿಟ್ಟುಕೊಳ್ಳಿ. ಅಲ್ಲೊಂದು ಇಲ್ಲೊಂದು 'ಅಂತೆ' ಬಿದ್ದಿದ್ದರೆ ಮಾತ್ರ ಕಿತ್ತುಹಾಕಿ.

7. 'ಎಂದು' ಬಿಟ್ಟು ನೋಡಿ

ಪಾತ್ರದ ಯೋಚನೆಯನ್ನು ಹೇಳಲು ನಾವು 'ಎಂದುಕೊಂಡಳು', 'ಅನಿಸಿತು' ಬಳಸುತ್ತೇವೆ. ಪ್ರತಿ ಸಲವೂ ಅದನ್ನೇ ಬಳಸಿದರೆ ಪುಟ ಭಾರವಾಗುತ್ತದೆ. ಹೀಗೆ ಮಾಡಿ:

'ಸುಧಾ ಚೀಲ ನೋಡಿದಳು. ಇಷ್ಟು ಸಣ್ಣ ಚೀಲ. ಒಂದು ರಾತ್ರಿ ಇದ್ದು ಹೋಗೋಕೆ ಬಂದಿರಬೇಕು, ಇನ್ನೇನು! ಅವನಿಗೆ ಈ ಮನೆ ಯಾವತ್ತು ಬೇಕಾಗಿತ್ತು?'

'ಎಂದು' ಎಲ್ಲೂ ಇಲ್ಲ. ಆದರೂ ಕೊನೆಯ ಪ್ರಶ್ನೆ ಸುಧಾಳದ್ದು ಎಂದು ಗೊತ್ತಾಗುತ್ತದೆ. 'ಹೋಗೋಕೆ', 'ಇನ್ನೇನು' ಅವಳ ಬಾಯಿಯ ಮಾತುಗಳು. ನಿರೂಪಕನ ವ್ಯಾಕರಣದೊಳಗೆ ಪಾತ್ರದ ದನಿ ಬೆರೆಯುವ ಈ ಬಗೆಗೆ ಮುಕ್ತ ಪರೋಕ್ಷ ಶೈಲಿ ಎನ್ನುತ್ತಾರೆ. ಹಿಂದಿನ ಹಂತದಲ್ಲಿ ಬೇಡ ಎಂದ 'ಇರಬೇಕು' ಇಲ್ಲಿ ಸರಿಯಾಗಿ ಕೂತಿದೆ, ಯಾಕೆಂದರೆ ಊಹೆ ಮಾಡುತ್ತಿರುವುದು ನಿರೂಪಕ ಅಲ್ಲ, ಸುಧಾ.

ಇದರಲ್ಲಿ ಒಂದು ಅಪಾಯವೂ ಇದೆ. ಫ್ರೆಂಚ್ ಲೇಖಕ ಫ್ಲೋಬೇರ್ ಅವರ 'ಮದಾಂ ಬೋವರಿ' ಕಾದಂಬರಿಯ ಮೇಲೆ 1857ರಲ್ಲಿ ಪ್ಯಾರಿಸ್‌ನಲ್ಲಿ ಮೊಕದ್ದಮೆ ನಡೆಯಿತು. ನೀತಿಗೆಟ್ಟ ಪುಸ್ತಕ ಎಂಬುದು ಆರೋಪ. ಗಂಡನಿದ್ದೂ ಬೇರೆಯವರ ಜೊತೆ ಸಂಬಂಧ ಬೆಳೆಸುವ ನಾಯಕಿಯನ್ನು ಖಂಡಿಸುವವರು ಪುಸ್ತಕದಲ್ಲಿ ಒಬ್ಬರೂ ಇಲ್ಲ ಎಂಬುದು ಸರ್ಕಾರಿ ವಕೀಲರ ದೊಡ್ಡ ತಕರಾರಾಗಿತ್ತು. ನಾಯಕಿಯ ಸಂಭ್ರಮವನ್ನು ನಿರೂಪಕ ಅವಳ ದನಿಯಲ್ಲೇ ಹೇಳಿ ಸುಮ್ಮನಾಗಿದ್ದ. ಅದು ಅವಳ ಮಾತಾ, ಲೇಖಕರ ಮಾತಾ? ಫ್ಲೋಬೇರ್ ಖುಲಾಸೆಯಾದರು. ಈ ಶೈಲಿಗೆ ಭಾಷಾಶಾಸ್ತ್ರಜ್ಞ ಶಾರ್ಲ್ ಬಾಯಿ (Charles Bally) ಹೆಸರಿಟ್ಟದ್ದು 1912ರಲ್ಲಿ, ಅಂದರೆ ಅರ್ಧ ಶತಮಾನಕ್ಕೂ ಜಾಸ್ತಿ ಕಳೆದ ಮೇಲೆ.

ಹಾಗಾಗಿ ಪಾತ್ರ ತಪ್ಪು ತಿಳಿದಿರುವ ಕಡೆ, ಅದು ಪಾತ್ರದ ತಪ್ಪು ಎಂದು ಗೊತ್ತಾಗಲು ಒಂದು ಗುರುತು ಇಡಿ. ಪಾತ್ರದ ಆಡುಮಾತು, ಆಶ್ಚರ್ಯಸೂಚಕ, ಮುಂದಿನ ವಾಕ್ಯದಲ್ಲಿ ಬರುವ ನಿಜ, ಯಾವುದಾದರೂ ಆಗುತ್ತದೆ.

8. ಏನು ಹೇಳಬಾರದು ಎಂದು ಮೊದಲೇ ತೀರ್ಮಾನಿಸಿ

ಎಲ್ಲ ಗೊತ್ತಿರುವ ನಿರೂಪಕ ಎಲ್ಲವನ್ನೂ ಹೇಳಿದರೆ ಕತೆ ಮುಗಿದೇಹೋಗುತ್ತದೆ. ಹಾಗಂತ ಬಚ್ಚಿಟ್ಟರೆ ಓದುಗರು 'ಗೊತ್ತಿದ್ದೂ ಹೇಳಲಿಲ್ಲ' ಎಂದು ಸಿಟ್ಟಾಗುತ್ತಾರೆ. ಇದಕ್ಕೆ ಪರಿಹಾರ ಏನು?

ನಾನು ಪಾಲಿಸುವ ನಿಯಮ ಇದು: ಒಂದು ಪಾತ್ರದ ಮನಸ್ಸಿನೊಳಗೆ ಹೋದರೆ, ಆ ಹೊತ್ತಿನಲ್ಲಿ ಅದು ಅತಿ ಹೆಚ್ಚು ಯೋಚಿಸುತ್ತಿರುವ ವಿಷಯವನ್ನು ಮುಚ್ಚಿಡಬಾರದು. ರಾಜೀವ ಮನೆಯ ಪತ್ರವನ್ನು ಅಡ ಇಟ್ಟಿದ್ದಾನೆ, ಅದನ್ನು ಹೇಳಲೆಂದೇ ಬಂದಿದ್ದಾನೆ ಎಂದುಕೊಳ್ಳಿ. ಎರಡು ಪುಟ ಅವನ ಮನಸ್ಸಿನಲ್ಲಿ ಓಡಾಡಿ, ಮಳೆ, ಬಾಲ್ಯ, ಬಾಗಿಲಿನ ಬಣ್ಣ ಎಲ್ಲ ಹೇಳಿ, ಪತ್ರದ ಸುದ್ದಿಯನ್ನು ಮಾತ್ರ ಕೊನೆಗೆ ಬಿಚ್ಚಿದರೆ ಅದು ಮೋಸ. ಒಂದೋ ಅವನ ಒಳಗೆ ಹೋಗಬೇಡಿ, ಹೊರಗಿನಿಂದ ತೋರಿಸಿ. ಇಲ್ಲವೇ ಮೊದಲೇ ಹೇಳಿಬಿಡಿ.

ನನ್ನ ಓಟು ಎರಡನೆಯದಕ್ಕೆ. ರಾಜೀವ ಪತ್ರ ಅಡ ಇಟ್ಟಿದ್ದು ಓದುಗರಿಗೆ ಗೊತ್ತು, ಸುಧಾಗೆ ಗೊತ್ತಿಲ್ಲ. ಈಗ ಅವಳು 'ಮನೆಗೆ ಹೊಸ ಬಣ್ಣ ಹೊಡೆಸಬೇಕು' ಎಂದು ಸಹಜವಾಗಿ ಅಂದರೂ ನಮ್ಮ ಎದೆ ಹಿಂಡುತ್ತದೆ. ಗುಟ್ಟು ಬಯಲಾಗುವ ಒಂದು ಕ್ಷಣದ ಅಚ್ಚರಿಗಿಂತ, ಇಡೀ ದೃಶ್ಯದುದ್ದಕ್ಕೂ ಇರುವ ಈ ಆತಂಕ ದೊಡ್ಡದು. ಪಾತ್ರಗಳಿಗಿಂತ ಓದುಗರಿಗೆ ಜಾಸ್ತಿ ಗೊತ್ತಿರುವ ಈ ಸ್ಥಿತಿಯನ್ನು ಸರ್ವಜ್ಞ ನಿರೂಪಣೆ ಬಹಳ ಸುಲಭವಾಗಿ ಕೊಡುತ್ತದೆ. ಅದನ್ನು ಕೈಬಿಟ್ಟು ಗುಟ್ಟಿನ ಹಿಂದೆ ಹೋಗುವುದು ನನಗೆ ನಷ್ಟ ಅನಿಸುತ್ತದೆ.

ಕತೆಯ ಜೀವವೇ ಒಂದು ಗುಟ್ಟಾಗಿದ್ದರೆ, ಉದಾಹರಣೆಗೆ ಕೊಲೆಗಾರ ಯಾರು ಎಂಬುದು, ಸೀಮಿತ ನಿರೂಪಣೆ ಅಥವಾ ನಾನು-ಕತೆ ನಿಮಗೆ ಹೆಚ್ಚು ಅನುಕೂಲ. ಒಬ್ಬಳೇ ವ್ಯಕ್ತಿ, ಒಂದೇ ರಾತ್ರಿ, ನಾಲ್ಕು ಪುಟದ ಕತೆಗೂ ಇಷ್ಟು ದೊಡ್ಡ ನಿರೂಪಕ ಬೇಕಾಗುವುದಿಲ್ಲ.

9. ಕಾಲವನ್ನು ಕೈಯಲ್ಲಿ ಹಿಡಿಯಿರಿ

ಸರ್ವಜ್ಞ ನಿರೂಪಕ ಹತ್ತು ವರ್ಷವನ್ನು ಒಂದು ವಾಕ್ಯದಲ್ಲಿ ದಾಟಬಲ್ಲ, ಹತ್ತು ನಿಮಿಷವನ್ನು ಹತ್ತು ಪುಟ ಎಳೆಯಬಲ್ಲ. ಹೊಸಬರು ಎಲ್ಲವನ್ನೂ ದೃಶ್ಯವಾಗಿಯೇ ತೋರಿಸಲು ಹೋಗಿ ಸುಸ್ತಾಗುತ್ತಾರೆ. 'ಹೇಳಬೇಡ, ತೋರಿಸು' ಎಂಬ ಪಾಠ ತಲೆಯಲ್ಲಿ ಕೂತಿರುತ್ತದೆ. ಈ ಬಗೆಯ ಕತೆಯಲ್ಲಿ ಧೈರ್ಯವಾಗಿ ಹೇಳಿ. 'ಆರು ವರ್ಷದಲ್ಲಿ ರಾಜೀವ ಮೂರು ಊರು, ನಾಲ್ಕು ಕೆಲಸ ಬದಲಾಯಿಸಿದ್ದ' ಎಂದರೆ ಸಾಕು, ಮುಂದಕ್ಕೆ ಹೋಗಿ. ಭವಿಷ್ಯದ ಸುಳಿವನ್ನು ಮಾತ್ರ ಹಿಡಿತದಲ್ಲಿಟ್ಟು ಬಳಸಿ. ಪದೇ ಪದೇ ಬಂದರೆ ಅದರ ಕಾವು ಹೋಗುತ್ತದೆ.

10. ಬಣ್ಣ ಹಾಕಿ ಪರೀಕ್ಷಿಸಿ

ಈಗ ನಿಮ್ಮ ದೃಶ್ಯ ತೆಗೆಯಿರಿ. ಒಂದು ಪಾತ್ರದ ಮನಸ್ಸಿನ ವಾಕ್ಯಗಳಿಗೆ ಕೆಂಪು, ಇನ್ನೊಂದಕ್ಕೆ ನೀಲಿ, ಯಾರಿಗೂ ಗೊತ್ತಿಲ್ಲದ, ನಿರೂಪಕನಿಗೆ ಮಾತ್ರ ಗೊತ್ತಿರುವ ವಾಕ್ಯಗಳಿಗೆ ಹಸಿರು. ಹೊರಗಿನಿಂದ ಯಾರು ಬೇಕಾದರೂ ನೋಡಬಹುದಾದದ್ದನ್ನು ಹಾಗೇ ಬಿಡಿ.

ಹಸಿರು ಒಂದೂ ಇಲ್ಲವಾ? ಹಾಗಾದರೆ ನಿಮ್ಮ ದೃಶ್ಯದಲ್ಲಿ ನಿರೂಪಕ ಇನ್ನೂ ಹುಟ್ಟಿಲ್ಲ. ಮೂರನೇ ಹಂತಕ್ಕೆ ಹೋಗಿ. ಕೆಂಪು ಮುಗಿದ ಕೂಡಲೇ ನೀಲಿ ಶುರುವಾಗಿದೆಯಾ, ನಡುವೆ ಬಣ್ಣವಿಲ್ಲದ ಒಂದು ವಾಕ್ಯವೂ ಇಲ್ಲವಾ? ಅಲ್ಲಿ ಸೇತುವೆ ಬೇಕು. ಇಡೀ ಪುಟ ಕೆಂಪು, ಒಂದೇ ಒಂದು ಸಾಲು ನೀಲಿಯಾ? ಆ ನೀಲಿ ಸಾಲು ಬಹುಶಃ ಕೈತಪ್ಪಿ ಬಂದದ್ದು. ಅದನ್ನು ತೆಗೆದರೆ ನಿಮ್ಮದು ಒಳ್ಳೆಯ ಸೀಮಿತ ನಿರೂಪಣೆ. ಅದರಲ್ಲಿ ಸೋಲೇನೂ ಇಲ್ಲ. ಎಲ್ಲ ಹಸಿರೇ ಆಗಿದ್ದರೆ ನಿರೂಪಕ ಪಾತ್ರಗಳಿಗೆ ಉಸಿರಾಡಲು ಬಿಟ್ಟಿಲ್ಲ.

ಕೊನೆಗೆ ದೃಶ್ಯವನ್ನು ಜೋರಾಗಿ ಓದಿ. 'ಅಣ್ಣ', 'ಅಪ್ಪ', 'ಅಂತೆ', 'ಬಂದರು' ಬಂದ ಕಡೆಯೆಲ್ಲ ನಿಂತು, ಇದನ್ನು ಹೇಳುತ್ತಿರುವುದು ಯಾರು ಎಂದು ಕೇಳಿಕೊಳ್ಳಿ. ಉತ್ತರ ತಕ್ಷಣ ಬಾರದ ಸಾಲುಗಳ ಪಕ್ಕ ಒಂದು ಗೀಟು ಎಳೆಯಿರಿ. ನಾಳೆ ತಿದ್ದಲು ಕೂತಾಗ ಆ ಸಾಲುಗಳಿಂದಲೇ ಶುರು ಮಾಡಿ.